ಯುದ್ಧದ ಅವಶೇಷ: ಬರೀ ಕ್ರಷರ್ ಇದ್ದರೆ ಸಾಕಾ?

ಮೊದಲು ಟಿಪ್ಪರ್ ಲೆಕ್ಕ ಹಾಕೋಣ. ಬಳ್ಳಾರಿಯವರಿಗೆ ಅದು ಬೇಗ ತಲೆಗೆ ಹತ್ತುತ್ತದೆ. 2025ರ ಅಕ್ಟೋಬರಿನಲ್ಲಿ ಗಾಜಾದಲ್ಲಿ ಕದನವಿರಾಮ ಆದ ಹೊತ್ತಿಗೆ ಅಲ್ಲಿ ಬಿದ್ದಿದ್ದ ಕಟ್ಟಡಗಳ ಅವಶೇಷ ಸುಮಾರು 6.1 ಕೋಟಿ ಟನ್ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಒಂದು ಟಿಪ್ಪರಿಗೆ 20 ಟನ್ ಅಂತ ಹಿಡಿದರೂ 30 ಲಕ್ಷ ಲೋಡು ದಾಟುತ್ತದೆ. ನೂರು ಟಿಪ್ಪರ್ ಬಿಟ್ಟು, ಒಂದೊಂದೂ ದಿನಕ್ಕೆ ಐದು ಟ್ರಿಪ್ ಹೊಡೆದು, ಒಂದು ದಿನ ರಜೆ ಇಲ್ಲದೆ, ಪಂಕ್ಚರ್ ಆಗದೆ, ಡೀಸೆಲ್ ಖಾಲಿ ಆಗದೆ ಓಡಿದರೂ ಹದಿನಾರು ಹದಿನೇಳು ವರ್ಷ ಬೇಕು. ಇದು ನನ್ನ ಕೈಲೆಕ್ಕ. ರಾಶಿ ಇನ್ನೂ 5 ಕೋಟಿ ಟನ್ ಇದ್ದಾಗ, ಅಂದರೆ 2025ರ ಜನವರಿಯಲ್ಲಿ, ವಿಶ್ವಸಂಸ್ಥೆಯೇ ಹೇಳಿದ್ದು 21 ವರ್ಷ, 120 ಕೋಟಿ ಡಾಲರ್.

ಇನ್ನೊಂದು ರೀತಿ ನೋಡಿ. 2013ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಎಲ್ಲ ಗಣಿಗಳೂ ಸೇರಿ ವರ್ಷಕ್ಕೆ 2.5 ಕೋಟಿ ಟನ್‌ಗಿಂತ ಹೆಚ್ಚು ಅದಿರು ತೆಗೆಯುವಂತಿಲ್ಲ ಅಂತ ಮಿತಿ ಹಾಕಿತ್ತು. ಆ ಮಿತಿ ಆಮೇಲೆ ಏರಿತು, ಆ ಮಾತು ಬೇರೆ. ಸಂಡೂರು, ಹೊಸಪೇಟೆ, ತೋರಣಗಲ್ಲು ಕಡೆ ಓಡಾಡಿದವರಿಗೆ ಅಷ್ಟು ಅದಿರು ಸಾಗಿಸುವುದು ಅಂದರೆ ಏನು, ರಸ್ತೆ ಏನಾಗುತ್ತದೆ, ಗಿಡದ ಎಲೆ ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ಹೇಳಬೇಕಾಗಿಲ್ಲ. ಅಂಥ ಎರಡೂವರೆ ವರ್ಷದ ಅದಿರಿನಷ್ಟು ತೂಕದ ಒಡೆದ ಮನೆಗಳು ಬರೀ 365 ಚದರ ಕಿಲೋಮೀಟರಿನಲ್ಲಿ ಬಿದ್ದಿವೆ. ಅದೇ ಜಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಿದ್ದಾರೆ. ತಲೆಗೆ ಹಂಚಿದರೆ ಹುಟ್ಟಿದ ಕೂಸಿಗೂ ಒಂದೂವರೆ ಟಿಪ್ಪರ್ ಲೋಡು.

ಈ ಅಂಕಿ ಓದಿದವರೆಲ್ಲ ಕೇಳುವುದು ಒಂದೇ ಮಾತು. ಪುಡಿ ಮಾಡಿ ಮತ್ತೆ ಬಳಸಬಹುದಲ್ವಾ? ಬಳಸಬಹುದು. ಅದಕ್ಕೆ ಬೇಕಾದ ತಂತ್ರಜ್ಞಾನ ಕೊಪ್ಪಳದ ಹೆದ್ದಾರಿ ಪಕ್ಕದ ಯಾವ ಕ್ರಷರ್ ಮಾಲೀಕನಿಗೂ ಗೊತ್ತಿರುವಂಥದ್ದೇ. ಆದರೆ ಈ ವಿಷಯದ ಬಗ್ಗೆ ಬರುವ ಬರಹಗಳಲ್ಲಿ ಒಂದು ಸಿಹಿ ಮಾತು ಪದೇ ಪದೇ ಬರುತ್ತದೆ: ಅವಶೇಷ ಮರುಬಳಕೆ ಮಾಡಿದರೆ ಪರಿಸರವೂ ಉಳಿಯುತ್ತದೆ, ಹೊಡೆದಾಡಿದವರೂ ಒಟ್ಟಿಗೆ ಕೆಲಸ ಮಾಡುತ್ತಾರೆ, ಶಾಂತಿ ತಾನಾಗೇ ಬರುತ್ತದೆ ಅಂತ. ನನಗೆ ಇದು ಅರ್ಧ ಮಾತ್ರ ಸರಿ ಅನಿಸುತ್ತದೆ. ಎದುರಾಳಿ ಗಡಿ ಮುಚ್ಚಿದಾಗಲೇ ಮರುಬಳಕೆ ಜೋರಾಗಿ ನಡೆದದ್ದಿದೆ, ಗಡಿ ತೆರೆದ ಮೇಲೆ ಅದೇ ಕೆಲಸ ನಿಂತು ಹೋಗುವ ಅಪಾಯವೂ ಇದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ರಾಶಿಯೊಳಗೆ ಏನಿದೆ ಅನ್ನುವುದು.

ಯುದ್ಧದಲ್ಲಿ ಊರು ಹಾಳಾಗುವುದು ನಮ್ಮ ಕಡೆಗೆ ಹೊಸದಲ್ಲ. 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧ ಸೋತ ಮೇಲೆ ವಿಜಯನಗರ ಹಾಳಾಯಿತು. ಅರಮನೆಗಳ ಮರದ ಭಾಗ ಸುಟ್ಟು ಹೋಯಿತು, ಕಲ್ಲಿನ ಕಟ್ಟೆಗಳು ಉಳಿದವು. ಇವತ್ತಿಗೂ ಹಂಪಿಯಲ್ಲಿ ಅದೇ ಕಟ್ಟೆಗಳ ಪಕ್ಕ ಬಾಳೆ, ಕಬ್ಬು ಬೆಳೆಯುತ್ತಾರೆ. ಯಾಕೆಂದರೆ ಅಲ್ಲಿ ಬಿದ್ದದ್ದು ಬರೀ ಕಲ್ಲು, ಇಟ್ಟಿಗೆ, ಗಾರೆ, ಮರ. ಅದರಲ್ಲಿ ಮಣ್ಣಿಗೆ ವಿಷ ಹಾಕುವಂಥದ್ದು ಏನೂ ಇರಲಿಲ್ಲ. ಇವತ್ತಿನ ಮನೆ ಹಾಗಲ್ಲ. ಅದರೊಳಗೆ ಪಿವಿಸಿ ಪೈಪು, ವೈರು, ಬಣ್ಣ, ಬ್ಯಾಟರಿ, ಫ್ರಿಜ್ಜು, ಜಿಪ್ಸಂ ಸೀಲಿಂಗು, ಚಾವಣಿ ಮೇಲೆ ಸೋಲಾರ್ ಪ್ಯಾನಲ್ಲು ಎಲ್ಲ ಇರುತ್ತವೆ. ಗಾಜಾದಲ್ಲಂತೂ ಕರೆಂಟು ಸರಿಯಾಗಿ ಸಿಗದ ಕಾರಣ ಚಾವಣಿಗಳ ಮೇಲೆ ಸೋಲಾರ್ ಜಾಸ್ತಿ ಇತ್ತು. ಅವು ಒಡೆದರೆ ಸೀಸದಂಥ ಲೋಹ ಮಣ್ಣಿಗೆ ಇಳಿಯುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಎಚ್ಚರಿಸಿದೆ.

ಎಲ್ಲಕ್ಕಿಂತ ಕೆಟ್ಟದ್ದು ಆಸ್ಬೆಸ್ಟಾಸ್. ನಮ್ಮಲ್ಲಿ ಸಿಮೆಂಟ್ ಶೀಟು ಅಂತ ಕರೆಯುತ್ತೇವಲ್ಲ, ಅದರ ಹಳೇ ಶೀಟುಗಳು ಗಾಜಾದ ನಿರಾಶ್ರಿತರ ಶಿಬಿರಗಳಲ್ಲಿ ತುಂಬಾ ಇದ್ದವು. ಉಕ್ರೇನಿನ ಹಳ್ಳಿ ಮನೆಗಳ ಮೇಲೂ ಅವೇ. ಶೀಟು ಇಡಿಯಾಗಿ ಇದ್ದಾಗ ಅಷ್ಟೇನೂ ತೊಂದರೆ ಇಲ್ಲ. ಒಡೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಬರುತ್ತದೆ, ಶ್ವಾಸಕೋಶದಲ್ಲಿ ಕೂತರೆ ಹೊರಗೆ ಹೋಗುವುದಿಲ್ಲ, ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ಗಾಜಾದಲ್ಲಿ 8 ಲಕ್ಷ ಟನ್ ಅವಶೇಷಕ್ಕೆ ಆಸ್ಬೆಸ್ಟಾಸ್ ಬೆರೆತಿರಬಹುದು ಅಂತ 2024ರಲ್ಲೇ ವಿಶ್ವಸಂಸ್ಥೆಯವರು ಹೇಳಿದ್ದರು, ಆಗ ಒಟ್ಟು ರಾಶಿ ಇನ್ನೂ 4 ಕೋಟಿ ಟನ್ ಮುಟ್ಟಿರಲಿಲ್ಲ. ಇಂಥ ರಾಶಿಯನ್ನು ಬೇರ್ಪಡಿಸದೆ ಸೀದಾ ಕ್ರಷರಿಗೆ ಹಾಕಿದರೆ ಆಗುವುದು ಮರುಬಳಕೆ ಅಲ್ಲ, ವಿಷವನ್ನು ನುಣ್ಣಗೆ ಬೀಸಿ ಊರಿಗೆಲ್ಲ ಹಂಚುವುದು. (ನಮ್ಮ ದೇಶದಲ್ಲಿ ಈ ಶೀಟು ಇನ್ನೂ ನಿಷೇಧ ಆಗಿಲ್ಲ. ರಾಯಚೂರಿನಲ್ಲೋ ಸಿಂಧನೂರಿನಲ್ಲೋ ಶೆಡ್ ಕೆಡವುವಾಗ ಸುತ್ತಿಗೆಯಿಂದ ಪಟಪಟ ಅಂತ ಒಡೆದು ತಿಪ್ಪೆಗೆ ಎಸೆಯುವುದನ್ನು ಎಲ್ಲರೂ ನೋಡಿದ್ದೇವೆ. ಬಾಯಿಗೆ ಟವೆಲ್ಲೂ ಇರುವುದಿಲ್ಲ.)

ಆಮೇಲೆ ಸಿಡಿಯದ ಬಾಂಬುಗಳು. ಹಾಕಿದ ಹತ್ತು ಬಾಂಬಿನಲ್ಲಿ ಒಂದಾದರೂ ಸಿಡಿಯದೆ ಉಳಿದಿರಬಹುದು ಅನ್ನುವುದು ಸ್ಫೋಟಕ ತೆಗೆಯುವವರ ಲೆಕ್ಕ. ಜೆಸಿಬಿಯ ಬಕೆಟ್ಟು ಅದಕ್ಕೆ ತಾಗಿದರೆ ಕತೆ ಮುಗಿಯಿತು. ಇದು ಐದಾರು ವರ್ಷದಲ್ಲಿ ತೀರುವ ತಲೆನೋವೂ ಅಲ್ಲ. 2025ರ ಜೂನಿನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಎರಡನೇ ಮಹಾಯುದ್ಧದ ಮೂರು ಬಾಂಬು ಸಿಕ್ಕು 20 ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಬೇಕಾಯಿತು. ಎಂಬತ್ತು ವರ್ಷ ಆದ ಮೇಲೆ!

ಮತ್ತೆ ಆ ರಾಶಿಯೊಳಗೆ ಹೆಣಗಳಿವೆ. ಗಾಜಾದಲ್ಲಿ ಸಾವಿರಾರು ಜನ ಅವಶೇಷದ ಕೆಳಗೇ ಉಳಿದಿದ್ದಾರೆ. ಟನ್ನು, ಕ್ಯೂಬಿಕ್ ಮೀಟರು ಅಂತ ಬರೆಯುವಾಗ ಇದು ಮರೆತು ಹೋಗುತ್ತದೆ. ಅಲ್ಲಿಯವರಿಗೆ ಅದು ಅವರ ಮನೆ, ಅವರ ಅಪ್ಪನ ಕೋಣೆ. ಕೆಲಸ ನಿಧಾನ ಆಗುವುದಕ್ಕೆ ಇದೂ ಒಂದು ಕಾರಣ, ನಿಧಾನ ಆಗಲೂಬೇಕು.

ಈಗ ಮರುಬಳಕೆಗೆ ಬರೋಣ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲೋ ಕೌಲ್ ಬಜಾರಿನಲ್ಲೋ ಹಳೇ ಮನೆ ಕೆಡವುವುದನ್ನು ಒಂದರ್ಧ ಗಂಟೆ ನಿಂತು ನೋಡಿ. ಕೆಡವುವ ಗುತ್ತಿಗೆದಾರ ಎಷ್ಟೋ ಸಲ ಮಾಲೀಕನಿಗೇ ದುಡ್ಡು ಕೊಟ್ಟು ಕೆಲಸ ಹಿಡಿದಿರುತ್ತಾನೆ. ಯಾಕೆಂದರೆ ಮೊದಲು ಇಳಿಯುವುದು ಬಾಗಿಲು, ಚೌಕಟ್ಟು, ತೊಲೆ. ಅದರಲ್ಲೇ ಅವನ ಲಾಭ. ಆಮೇಲೆ ಕಿಟಕಿ ಕಬ್ಬಿಣ, ಅದು ಗುಜರಿಗೆ. ಇಟ್ಟಿಗೆ ಮಾತ್ರ ಎರಡು ಥರ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಆದರೆ ಇಟ್ಟಿಗೆ ಇಡಿಯಾಗಿ ಬಿಡುತ್ತದೆ. ಕರಣಿಯ ಅಂಚಿನಿಂದ ನಾಲ್ಕು ಕಡೆ ಕೆರೆದರೆ ಗಾರೆ ಪುಡಿಪುಡಿಯಾಗಿ ಉದುರಿ ಇಟ್ಟಿಗೆ ಹೊಸದರ ಹಾಗೆ ಕೈಗೆ ಬರುತ್ತದೆ, ಅದನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸುತ್ತಾರೆ, ಸಂಜೆಯೊಳಗೆ ಯಾರಾದರೂ ಒಯ್ಯುತ್ತಾರೆ. ಸಿಮೆಂಟಿನಲ್ಲಿ ಕಟ್ಟಿದ ಗೋಡೆ ಆದರೆ ಇಟ್ಟಿಗೆಯೇ ಒಡೆಯುತ್ತದೆ, ಸಿಮೆಂಟು ಬಿಡುವುದಿಲ್ಲ. ಗೌಂಡಿ ಒಂದೆರಡು ನೋಡಿ "ಇದು ಭರ್ತಿಗೆ ಹಾಕ್ರೀ" ಅಂದುಬಿಡುತ್ತಾನೆ.

ಯುದ್ಧದ ಅವಶೇಷದ ಇಡೀ ಇತಿಹಾಸ ಈ ಎರಡು ಇಟ್ಟಿಗೆಗಳ ನಡುವೆ ಇದೆ. 1945ರಲ್ಲಿ ಜರ್ಮನಿಯಲ್ಲಿ ಸುಮಾರು 40 ಕೋಟಿ ಕ್ಯೂಬಿಕ್ ಮೀಟರ್ ಅವಶೇಷ ಬಿದ್ದಿತ್ತು. ಹೆಂಗಸರು ಸಾಲಾಗಿ ನಿಂತು ಬಕೆಟ್ಟು ದಾಟಿಸುವ, ಸುತ್ತಿಗೆಯಿಂದ ಇಟ್ಟಿಗೆ ಬಿಡಿಸುವ ಫೋಟೋಗಳು ಪ್ರಸಿದ್ಧ. ಆ ಫೋಟೋಗಳನ್ನು ಪೂರ್ತಿ ನಂಬಬೇಡಿ, ಹೆಚ್ಚಿನ ಕೆಲಸ ಮಾಡಿದ್ದು ಕಂಪನಿಗಳು, ಯಂತ್ರಗಳು, ಕೈದಿಗಳು ಅಂತ ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಇಟ್ಟಿಗೆ ಬಿಡಿಸಲು ಆದದ್ದಂತೂ ನಿಜ, ಯಾಕೆಂದರೆ ಅಲ್ಲಿ ಸುಣ್ಣದ ಗಾರೆಯ ಹಳೇ ಮನೆಗಳು ಸಾಕಷ್ಟಿದ್ದವು. ಊರಿನೊಳಗೇ ಪುಟ್ಟ ರೈಲು ಹಳಿ ಹಾಕಿ ಅವಶೇಷ ಸಾಗಿಸಿದರು. ಫ್ರಾಂಕ್‌ಫರ್ಟಿನಲ್ಲಿ 1945ರಲ್ಲೇ ಅವಶೇಷದಿಂದ ಕಟ್ಟಡ ಸಾಮಗ್ರಿ ಮಾಡುವ ಒಂದು ಸಂಸ್ಥೆಯನ್ನೇ ಶುರು ಮಾಡಿದರು. ಬಳಸಲಾಗದೆ ಉಳಿದದ್ದನ್ನು ಗುಡ್ಡ ಮಾಡಿ ಗಿಡ ನೆಟ್ಟರು. ಬರ್ಲಿನ್ನಿನ ಟಾಯ್ಫೆಲ್ಸ್‌ಬರ್ಗ್ ಅನ್ನುವ ಬೆಟ್ಟ ಹೀಗೆ ಹುಟ್ಟಿದ್ದು. ಅದರ ಕೆಳಗೆ ನಾಜಿಗಳು ಅರ್ಧಕ್ಕೆ ಬಿಟ್ಟ ಸೈನಿಕ ಕಾಲೇಜು ಹೂತಿದೆ, ಮೇಲೆ ಅಮೆರಿಕದವರು ರಷ್ಯನ್ನರ ಮಾತು ಕದ್ದು ಕೇಳುವ ಕೇಂದ್ರ ಕಟ್ಟಿದ್ದರು. ಒಂದು ಯುದ್ಧದ ಕಸದ ಮೇಲೆ ಇನ್ನೊಂದು ಯುದ್ಧದ ಕಚೇರಿ.

ಪೋಲೆಂಡಿನ ವಾರ್ಸಾದಲ್ಲಿ ಕತೆ ಇನ್ನೂ ಭಾರ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಆಮೇಲೆ ನೆಲಸಮ ಮಾಡಿದ ಘೆಟ್ಟೋ ಬಡಾವಣೆಯ ಅವಶೇಷ ತೆಗೆಯಲಾಗದಷ್ಟು ಇತ್ತು. ಕೊನೆಗೆ ಅದನ್ನು ಪುಡಿ ಮಾಡಿ ಬ್ಲಾಕು ಮಾಡಿದರು, ಉಳಿದ ದಿಬ್ಬಗಳ ಮೇಲೆಯೇ ಮುರಾನುವ್ ಅನ್ನುವ ಬಡಾವಣೆ ಕಟ್ಟಿದರು. ಇಂದಿಗೂ ಅಲ್ಲಿ ಮನೆಗಳು ರಸ್ತೆಗಿಂತ ಎತ್ತರದಲ್ಲಿವೆ. ಸತ್ತವರ ಮನೆಯ ಪುಡಿಯಲ್ಲಿ ಬದುಕಿದವರ ಮನೆ. ಇದನ್ನು ಮರುಬಳಕೆ ಅಂತ ಹೊಗಳಬೇಕೋ ಬೇಡವೋ ನನಗೆ ತಿಳಿಯದು.

ಗಾಜಾ, ಇರಾಕಿನ ಮೊಸುಲ್, ಉಕ್ರೇನಿನ ಮರಿಯುಪೋಲ್ ಎಲ್ಲ ಸಿಮೆಂಟಿನ ಊರುಗಳು. ಅಲ್ಲಿ ಕೈಯಿಂದ ಬಿಡಿಸುವಂಥದ್ದು ಕಮ್ಮಿ, ಪುಡಿ ಮಾಡಲೇಬೇಕು. ಕೆಲಸದ ಕ್ರಮ ಸರಳ. ದೊಡ್ಡ ತುಂಡುಗಳನ್ನು ಬ್ರೇಕರಿನಿಂದ ಒಡೆದು, ಮರ, ಪ್ಲಾಸ್ಟಿಕ್ಕು, ಬಟ್ಟೆ ಕೈಯಿಂದ ಆರಿಸಿ, ಜಾ ಕ್ರಷರಿಗೆ ಹಾಕುತ್ತಾರೆ. ಬೆಲ್ಟಿನ ಮೇಲೆ ಅಯಸ್ಕಾಂತ ಕಬ್ಬಿಣದ ಸರಳು ಎಳೆದುಕೊಳ್ಳುತ್ತದೆ. ಜಾಲರಿಯಲ್ಲಿ ಸೋಸಿದರೆ 40 ಎಂಎಂ, 20 ಎಂಎಂ, ಪುಡಿ ಅಂತ ಬೇರೆ ಆಗುತ್ತದೆ. ಹೊಸ ಜಲ್ಲಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇದರ ಮೈಗೆ ಹಳೇ ಸಿಮೆಂಟು ಅಂಟಿಕೊಂಡಿರುತ್ತದೆ, ಅದರಲ್ಲಿ ಸಣ್ಣ ತೂತುಗಳು, ಹಾಗಾಗಿ ನೀರು ಜಾಸ್ತಿ ಕುಡಿಯುತ್ತದೆ. ಮೊದಲೇ ನೆನೆಸದೆ ಹಾಗೇ ಕಾಂಕ್ರೀಟಿಗೆ ಕಲಸಿದರೆ ಮಿಕ್ಸ್ ಒಣಗಿ ಗಟ್ಟಿತನ ಹೋಗುತ್ತದೆ. ಜಿಪ್ಸಂ ಬೆರೆತಿದ್ದರೆ ಕಾಂಕ್ರೀಟು ವರ್ಷಗಳಾದ ಮೇಲೆ ಉಬ್ಬಿ ಬಿರುಕು ಬಿಡಬಹುದು. ಅದಕ್ಕೇ ಇದರ ಸರಿಯಾದ ಜಾಗ ರಸ್ತೆಯ ಕೆಳಪದರ, ಕಾಂಪೌಂಡ್ ಬ್ಲಾಕು, ಕರ್ಬ್ ಕಲ್ಲು, ಬೆಡ್ ಕಾಂಕ್ರೀಟು. ಭಾರತದ ಐಎಸ್ 383 ಮಾನದಂಡ ಕೂಡ 2016ರಿಂದ ಇದನ್ನೇ ಹೇಳುತ್ತದೆ: ಎಂ25ರವರೆಗಿನ (ಎಂ ಅಂದರೆ ಕಾಂಕ್ರೀಟಿನ ಗಟ್ಟಿತನದ ದರ್ಜೆ) ಆರ್‌ಸಿಸಿಯಲ್ಲಿ, ಅಂದರೆ ಸರಳು ಹಾಕಿದ ಕಾಂಕ್ರೀಟಿನಲ್ಲಿ, ಇಂಥ ಜಲ್ಲಿ 20%, ಸರಳು ಇಲ್ಲದ ಕಾಂಕ್ರೀಟಿನಲ್ಲಿ 25%, ಎಂ15ಕ್ಕಿಂತ ಕೆಳಗಿನದಕ್ಕೆ ಪೂರ್ತಿ ಹಾಕಬಹುದು.

ಪರಿಸರದ ಲಾಭದ ಬಗ್ಗೆ ಒಂದು ಮಾತು ಸ್ಪಷ್ಟ ಇರಲಿ. ಲೋಕದ ಇಂಗಾಲದ ಹೊಗೆಯಲ್ಲಿ 7ರಿಂದ 8% ಸಿಮೆಂಟಿನದು. ಅವಶೇಷ ಪುಡಿ ಮಾಡಿದರೆ ಸಿಗುವುದು ಜಲ್ಲಿ, ಸಿಮೆಂಟಲ್ಲ. ಹೊಸ ಮನೆಗೆ ಹೊಸ ಸಿಮೆಂಟು ಬೇಕೇ ಬೇಕು. ಹಾಗಾಗಿ ಅವಶೇಷ ಮರುಬಳಕೆಯಿಂದ ಹವಾಮಾನ ಉಳಿಯುತ್ತದೆ ಅಂತ ಹೇಳುವುದು ಸುಮ್ನೆ ಮಾತು. ಉಳಿಯುವುದು ಬೇರೆ: ಒಡೆಯಬೇಕಾಗಿದ್ದ ಒಂದು ಗುಡ್ಡ, ನೂರು ಕಿಲೋಮೀಟರ್ ದೂರದಿಂದ ಬರಬೇಕಾಗಿದ್ದ ಟಿಪ್ಪರು, ಕಸ ಸುರಿಯಬೇಕಾಗಿದ್ದ ಹಳ್ಳ ಅಥವಾ ಸಮುದ್ರದ ದಂಡೆ. ಇವೇನು ಕಮ್ಮಿ ಅಲ್ಲ.

ಹಾಗಾದರೆ ಇಷ್ಟು ಸುಲಭದ ಕೆಲಸ ನಮ್ಮ ಬಳ್ಳಾರಿಯಲ್ಲೇ ಯಾಕೆ ನಡೆಯುವುದಿಲ್ಲ? ರಸ್ತೆ ಅಗಲೀಕರಣಕ್ಕೆ ಕೆಡವಿದ ಕಟ್ಟಡಗಳ ಮಣ್ಣು ಕಾಲುವೆ ದಂಡೆಗೋ ಊರಾಚೆಯ ಖಾಲಿ ಸೈಟಿಗೋ ರಾತ್ರಿ ಹೋಗಿ ಬೀಳುತ್ತದೆ. ಕಾರಣ ಬರೀ ರೇಟು. ಕಣ್ಣೆದುರಿಗೆ ಗ್ರಾನೈಟ್ ಗುಡ್ಡ ಇದೆ, ಹತ್ತು ಕಿಲೋಮೀಟರಿಗೊಂದು ಕ್ರಷರ್ ಇದೆ, ಹೊಸ ಜಲ್ಲಿ ಸುಲಭಕ್ಕೆ ಸಿಗುತ್ತದೆ. ಹಳೇ ಕಾಂಕ್ರೀಟು ಹೊತ್ತು, ಆರಿಸಿ, ಒಡೆದು ಮಾರುವಷ್ಟರಲ್ಲಿ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಯಾವ ಇಂಜಿನಿಯರ್ ತಾನೇ ಹಳೇದನ್ನು ಬರೆಯುತ್ತಾನೆ?

ಈಗ ಗಾಜಾ ನೋಡಿ. ಅಲ್ಲಿ ಗುಡ್ಡ ಇಲ್ಲ, ಮರಳು ದಿಬ್ಬ ಅಷ್ಟೇ. 2007ರಿಂದ ಇಸ್ರೇಲು ಗಡಿ ಬಿಗಿ ಮಾಡಿತು. ಸಿಮೆಂಟು, ಸರಳು, ಜಲ್ಲಿಯನ್ನು ಸುರಂಗ ಕಟ್ಟಲಿಕ್ಕೂ ಬಳಸಬಹುದು ಅಂತ ತಡೆಯಿತು. 2008-09ರ ಯುದ್ಧದಲ್ಲಿ ಸುಮಾರು 6 ಲಕ್ಷ ಟನ್ ಅವಶೇಷ ಬಿತ್ತು. ಇವತ್ತಿನದರ ನೂರರಲ್ಲಿ ಒಂದು ಪಾಲು. ಆಗ ಏನಾಯಿತು ಗೊತ್ತಾ? ಹುಡುಗರು, ಗಂಡಸರು ಕತ್ತೆ ಗಾಡಿ ತಗೊಂಡು ಹೋಗಿ ಕಾಂಕ್ರೀಟ್ ತುಂಡು ಆರಿಸಿ ತಂದು ಬ್ಲಾಕು ಮಾಡುವವರಿಗೆ ಮಾರಿದರು. ಡೊಂಕಾದ ಸರಳನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿ ಮತ್ತೆ ಪಿಲ್ಲರಿಗೆ ಹಾಕಿದರು. ಗಾಜಾದ ಮರುಬಳಕೆ ಹುಟ್ಟಿದ್ದು ಯಾವುದೇ ಪರಿಸರ ಯೋಜನೆಯಿಂದ ಅಲ್ಲ, ಯಾರ ಸಹಕಾರದಿಂದಲೂ ಅಲ್ಲ. ಬೇರೆ ಏನೂ ಸಿಗದ್ದರಿಂದ.

ನಾನು ಮೊದಲು ಹೇಳಿದ ತೊಡಕು ಇದೇ. ಗಡಿ ಮುಚ್ಚಿದ್ದರೆ ಹಳೇ ಕಾಂಕ್ರೀಟಿಗೆ ಬೆಲೆ. ಗಡಿ ತೆರೆದು ಹೊಸ ಜಲ್ಲಿ ಹಡಗಿನಲ್ಲಿ ಬಂದ ದಿನ ಆ ರಾಶಿ ಮತ್ತೆ ಕಸ. ಶಾಂತಿ ಬಂದ ಮೇಲೂ ಮರುಬಳಕೆ ನಡೆಯಬೇಕು ಅಂದರೆ ಯಾರಾದರೂ ಅದಕ್ಕೆ ಮಾರುಕಟ್ಟೆ ಕಟ್ಟಿಕೊಡಬೇಕು, ತಾನಾಗಿ ಆಗುವುದಿಲ್ಲ.

ಇದು ಹೇಗೆ ಆಗುತ್ತದೆ ಅನ್ನುವುದಕ್ಕೆ ರಾಯಚೂರಿನ ಶಕ್ತಿನಗರವೇ ಉದಾಹರಣೆ. ಅಲ್ಲಿನ ವಿದ್ಯುತ್ ಸ್ಥಾವರದ ಹಾರುಬೂದಿ ಒಂದು ಕಾಲದಲ್ಲಿ ಯಾರಿಗೂ ಬೇಡವಾದ ಪೀಡೆ. 1999ರಲ್ಲಿ ಕೇಂದ್ರ ಸರ್ಕಾರ ಉಷ್ಣ ವಿದ್ಯುತ್ ಸ್ಥಾವರದಿಂದ 50 ಕಿಲೋಮೀಟರ್ ಒಳಗೆ ಇಟ್ಟಿಗೆ ಮಾಡುವವರು ಹಾರುಬೂದಿ ಬೆರೆಸಲೇಬೇಕು ಅಂತ ಆದೇಶ ಹೊರಡಿಸಿತು, ಆಮೇಲೆ ಆ ದೂರವನ್ನು ಏರಿಸುತ್ತಾ ಹೋಯಿತು. ಸಿಮೆಂಟ್ ಕಂಪನಿಗಳೂ ಬೂದಿಗೆ ಬಂದವು. ಬೂದಿಯ ತೊಂದರೆ ಮುಗಿದಿದೆ ಅಂತಲ್ಲ, ಹೊಂಡದ ಪಕ್ಕದ ಹಳ್ಳಿಯವರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಬೂದಿಗೆ ಗಿರಾಕಿ ಹುಟ್ಟಿದ್ದು ಆ ಆದೇಶದಿಂದ. ಗಾಜಾದಲ್ಲಾಗಲಿ ಉಕ್ರೇನಿನಲ್ಲಾಗಲಿ ಹಣ ಕೊಡುವ ದೇಶಗಳು ಟೆಂಡರಿನಲ್ಲೇ "ರಸ್ತೆಯ ಕೆಳಪದರಕ್ಕೆ ಇಷ್ಟು ಪಾಲು ಸ್ಥಳೀಯ ಅವಶೇಷ" ಅಂತ ಬರೆದರೆ ಕ್ರಷರು ತಾನಾಗೇ ಬರುತ್ತದೆ. ಬರೆಯದಿದ್ದರೆ ಎಷ್ಟು ಕಾರ್ಯಾಗಾರ ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಸಹಕಾರದ ವಿಷಯ. 2014ರ ಯುದ್ಧ ಆದ ಮೇಲೆ ಇಸ್ರೇಲ್, ಪ್ಯಾಲೆಸ್ಟೀನ್ ಪ್ರಾಧಿಕಾರ, ವಿಶ್ವಸಂಸ್ಥೆ ಮೂವರೂ ಸೇರಿ ಗಾಜಾಕ್ಕೆ ಕಟ್ಟಡ ಸಾಮಾನು ಬಿಡುವ ಒಂದು ವ್ಯವಸ್ಥೆ ಮಾಡಿದರು. ಕಾಗದದ ಮೇಲೆ ಇದು ಸಹಕಾರವೇ. ಯಾವ ಮನೆಗೆ ಎಷ್ಟು ಚೀಲ ಸಿಮೆಂಟು ಅಂತ ಪಟ್ಟಿ, ಗೋದಾಮಿಗೆ ಕ್ಯಾಮೆರಾ, ಪ್ರತಿ ಹೆಸರಿಗೂ ಒಪ್ಪಿಗೆ. ಸಿಮೆಂಟು ಬಂತು, ಆದರೆ ಎಷ್ಟು ನಿಧಾನ ಅಂದರೆ ಕಾಳಸಂತೆ ಶುರುವಾಯಿತು, ಮನೆ ಕಟ್ಟಲು ಬೇರೆ ದುಡ್ಡಿಲ್ಲದವರು ತಮ್ಮ ಪಾಲಿನ ಚೀಲವನ್ನೇ ಮಾರಿದರು. ಈಗಲೂ ಅಷ್ಟೇ. ಅವಶೇಷ ತೆಗೆಯಲು ಬೇಕಾದ ಭಾರೀ ಯಂತ್ರ, ಬಿಡಿಭಾಗ, ಡೀಸೆಲ್, ಬಾಂಬು ಹುಡುಕುವ ಸಲಕರಣೆ ಎಲ್ಲವೂ ಗಡಿಯ ಗೇಟು ದಾಟಿಯೇ ಬರಬೇಕು. ಗೇಟಿನ ಬೀಗ ಒಬ್ಬರ ಕೈಯಲ್ಲಿ ಇರುವಾಗ ಇನ್ನೊಬ್ಬರು ಮಾಡುವುದನ್ನು ಸಹಕಾರ ಅನ್ನುವುದು ಕಷ್ಟ. ಕಾಯುವುದು ಅನ್ನಬಹುದು.

ನಿಜವಾದ ಸಹಕಾರ ಎಲ್ಲಾದರೂ ಆಗಿದೆಯಾ? ಆಗಿದೆ, ಸಣ್ಣದಾಗಿ. ಇರಾಕಿನ ಮೊಸುಲ್‌ನಲ್ಲಿ 2017ರ ಜುಲೈಗೆ ಯುದ್ಧ ಮುಗಿದಾಗ ಸುಮಾರು 80 ಲಕ್ಷ ಟನ್ ಅವಶೇಷ ಇತ್ತು, ಐಸಿಸ್‌ನವರು ಮನೆಗಳೊಳಗೆ ಬಾಂಬು ಹುದುಗಿಸಿ ಹೋಗಿದ್ದರು. ಮೊದಮೊದಲು ಎಲ್ಲವನ್ನೂ ಟೈಗ್ರಿಸ್ ನದಿ ದಂಡೆಗೆ ತಳ್ಳಿದರು. ಆಮೇಲೆ ವಿಶ್ವಸಂಸ್ಥೆಯ ಎರಡು ಅಂಗಸಂಸ್ಥೆಗಳು ಅಲ್ಲಿ ಅವಶೇಷ ಪುಡಿ ಮಾಡುವ ಕೇಂದ್ರ ಶುರು ಮಾಡಿ, ಊರಿಗೆ ವಾಪಸ್ ಬಂದ ಕುಟುಂಬಗಳವರಿಗೇ ದಿನಗೂಲಿ ಕೊಟ್ಟು ಕೆಲಸ ಮಾಡಿಸಿದವು. ಐಸಿಸ್ ಸಿಡಿಸಿದ ಅಲ್ ನೂರಿ ಮಸೀದಿಯ ಓರೆ ಮಿನಾರನ್ನು ಯುನೆಸ್ಕೊ ಯುಎಇಯ ದುಡ್ಡಿನಲ್ಲಿ ಮತ್ತೆ ಕಟ್ಟಿತು. ಬಾಂಬು ತೆಗೆಯುತ್ತಾ, ಅವಶೇಷದಲ್ಲಿ ಹುಡುಕಿ ಆರಿಸಿದ ಸಾವಿರಾರು ಹಳೇ ಇಟ್ಟಿಗೆ ಅದರಲ್ಲಿ ಮತ್ತೆ ಸೇರಿವೆ. ಅದೇ ಯೋಜನೆಯಲ್ಲಿ ಎರಡು ಚರ್ಚುಗಳನ್ನೂ ಕಟ್ಟಿದರು. ಕ್ರೈಸ್ತರು ಬಹುತೇಕ ಊರು ಬಿಟ್ಟಿದ್ದರು, ಚರ್ಚಿನ ಕಲ್ಲು ಜೋಡಿಸಿದವರಲ್ಲಿ ಮುಸ್ಲಿಂ ಹುಡುಗರು ಇದ್ದರು. ಅವರು ಬಂದದ್ದು ಸೌಹಾರ್ದದ ಭಾಷಣ ಕೇಳಿ ಅಲ್ಲ, ಕೂಲಿಗೆ. ಅದರಲ್ಲಿ ತಪ್ಪೇನಿದೆ? ಕೂಲಿ ಕೊಟ್ಟರೆ ಪಕ್ಕದವನ ಗುಡಿ ಕಟ್ಟಲು ಜನ ಬರುತ್ತಾರೆ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಜರ್ಮನಿಯ ಡ್ರೆಸ್ಡೆನ್ನಿನ ಫ್ರೌಎನ್‌ಕಿರ್ಷೆ ಚರ್ಚು ಮತ್ತೆ ನಿಲ್ಲಲು ಅರವತ್ತು ವರ್ಷ ಬೇಕಾಯಿತು. 1945ರ ಫೆಬ್ರವರಿಯಲ್ಲಿ ಬ್ರಿಟಿಷ್, ಅಮೆರಿಕನ್ ಬಾಂಬಿಗೆ ಬಿದ್ದ ಅದರ ರಾಶಿಯನ್ನು ಹಾಗೇ ಬಿಟ್ಟಿದ್ದರು. ಜರ್ಮನಿ ಒಂದಾದ ಮೇಲೆ ಒಂದೊಂದೇ ಕಲ್ಲು ಎತ್ತಿ, ನಂಬರು ಹಾಕಿ, ಅದು ಗೋಡೆಯ ಯಾವ ಜಾಗದ್ದು ಅಂತ ಹುಡುಕಿ, ಸುಮಾರು 3,800 ಹಳೇ ಕಲ್ಲು ಸೇರಿಸಿ 2005ಕ್ಕೆ ಕಟ್ಟಿ ಮುಗಿಸಿದರು. ಹೊಸ ಕಲ್ಲು ತಿಳಿ ಬಣ್ಣ, ಹಳೇದು ಕಪ್ಪು, ದೂರದಿಂದಲೇ ಕಾಣುತ್ತದೆ. ಮೇಲಿನ ಬಂಗಾರದ ಶಿಲುಬೆ ಬ್ರಿಟನ್ ಕೊಟ್ಟದ್ದು, ಅದನ್ನು ಮಾಡಿದ ಅಕ್ಕಸಾಲಿಗನ ಅಪ್ಪ ಅದೇ ದಾಳಿಯಲ್ಲಿ ಬಾಂಬರ್ ವಿಮಾನ ಓಡಿಸಿದ್ದವನು.

ಇಂಥದ್ದು ಓದಿದಾಗ ಕಣ್ಣು ಒದ್ದೆ ಆಗುತ್ತದೆ, ಸರಿ. ಆದರೆ ಮೊಸ್ತಾರ್ ಕೂಡ ಇದೆ. ಬೋಸ್ನಿಯಾದ ಆ ಊರಿನ ಕಲ್ಲಿನ ಸೇತುವೆ ಕಟ್ಟಿ ಮುಗಿದದ್ದು 1566ರಲ್ಲಿ, ನಮ್ಮಲ್ಲಿ ರಕ್ಕಸಗಿ-ತಂಗಡಗಿ ಆದ ಮರುವರ್ಷ. 1993ರಲ್ಲಿ, ಅಲ್ಲಿನ ಮುಸ್ಲಿಮರ ಜೊತೆ ಹೊಡೆದಾಡುತ್ತಿದ್ದ ಕ್ರೊಯಾಟ್ ಪಡೆಯವರು ಟ್ಯಾಂಕಿನಿಂದ ಹೊಡೆದು ಬೀಳಿಸಿದರು. ಹಂಗೇರಿ ಸೇನೆಯ ಮುಳುಗುಗಾರರು ನದಿಯಿಂದ ಕಲ್ಲು ಎತ್ತಿದರು, ಲೋಕವೆಲ್ಲ ದುಡ್ಡು ಹಾಕಿತು, 2004ರಲ್ಲಿ ಸೇತುವೆ ಮತ್ತೆ ನಿಂತಿತು. ಇವತ್ತು ಪ್ರವಾಸಿಗರು ಸೆಲ್ಫಿ ತೆಗೆಯುತ್ತಾರೆ. ಆ ಪ್ರದೇಶದಲ್ಲಿ ಬೋಸ್ನಿಯಾಕ್ (ಅಲ್ಲಿನ ಮುಸ್ಲಿಂ) ಮಕ್ಕಳೂ ಕ್ರೊಯಾಟ್ ಮಕ್ಕಳೂ ಒಂದೇ ಶಾಲೆಯ ಕಟ್ಟಡದಲ್ಲಿ ಬೇರೆ ಬೇರೆ ಪಠ್ಯ ಓದುವ ಪದ್ಧತಿ ಮಾತ್ರ ಯುದ್ಧ ಮುಗಿದು ದಶಕಗಳಾದರೂ ಹೋಗಲಿಲ್ಲ. ಸೇತುವೆ ಕಟ್ಟಿದವರ ತಪ್ಪಲ್ಲ ಅದು. ಕಲ್ಲಿನಿಂದ ಅಷ್ಟೆಲ್ಲ ನಿರೀಕ್ಷೆ ಮಾಡಬಾರದು.

ಕೆಲಸ ಹಾಳಾಗುವುದು ಹೇಗೆ ಅಂತ ತಿಳಿಯಲು ಲೆಬನಾನಿನ ಬೈರೂತ್ ಸಾಕು. 1975ರಿಂದ 1990ರವರೆಗೆ ಅಂತರ್ಯುದ್ಧ. ಆ ಹದಿನೈದು ವರ್ಷದ ಕಸ, ಅವಶೇಷ ಎಲ್ಲ ಊರಿನ ಕೊಲ್ಲಿಗೆ ಬಿತ್ತು. ಯುದ್ಧ ಮುಗಿದ ಮೇಲೆ ಒಂದು ಖಾಸಗಿ ಕಂಪನಿ ಅದನ್ನು ಶುದ್ಧ ಮಾಡಿ, ಸಮುದ್ರ ತುಂಬಿಸಿ, ಹೊಸ ನೆಲ ಮಾಡಿತು. ಆ ನೆಲದ ಹಕ್ಕು ಆ ಕಂಪನಿಗೇ ಸಿಕ್ಕಿತು. ಸಾವಿರಾರು ಜನರ ಮುರಿದ ಗೋಡೆ ಸೇರಿ ಆದ ಜಾಗ ಲೆಬನಾನಿನ ಅತಿ ದುಬಾರಿ ಜಾಗಗಳಲ್ಲಿ ಒಂದಾಯಿತು, ಗೋಡೆ ಕಳಕೊಂಡವರಿಗೆ ಅದರಲ್ಲಿ ಒಂದು ಗೇಣೂ ಇಲ್ಲ. 2006ರ ಯುದ್ಧದ ಅವಶೇಷವನ್ನೂ ಸಮುದ್ರದ ದಂಡೆಗೇ ಸುರಿದರು.

ಅವಶೇಷ ಯಾರದ್ದು ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. ಬಿದ್ದ ಮನೆಯ ಸರಳು, ಕಲ್ಲು ಮನೆಯ ಒಡೆಯನ ಆಸ್ತಿ. ಅವನ ಒಪ್ಪಿಗೆ ಇಲ್ಲದೆ ಎತ್ತುವಂತಿಲ್ಲ. ಆದರೆ ಒಡೆಯ ಸತ್ತಿರಬಹುದು, ಬೇರೆ ದೇಶದಲ್ಲಿರಬಹುದು, ದಾಖಲೆ ಸುಟ್ಟಿರಬಹುದು. ನಮ್ಮಲ್ಲಿ ಖಾತಾ ಒಂದು ಅಕ್ಷರ ತಪ್ಪಿದ್ದರೆ ಎಷ್ಟು ಸಲ ಕಚೇರಿ ಅಲೆಯಬೇಕು ಅಂತ ಗೊತ್ತಲ್ವಾ. ಅಲ್ಲಿ ಇಡೀ ಬೀದಿಯೇ ಇಲ್ಲ, ಮನೆಯ ಗಡಿ ತೋರಿಸುವ ಗೋಡೆಯೇ ಇಲ್ಲ. ಅವಶೇಷ ತೆಗೆಯುವುದರ ಜೊತೆಗೆ ಗಡಿಯ ಗುರುತೂ ಹೋಗುತ್ತದೆ. ಅದಕ್ಕೇ ಎತ್ತುವ ಮುಂಚೆ ಫೋಟೋ, ಅಳತೆ, ಅಕ್ಕಪಕ್ಕದವರ ಹೇಳಿಕೆ ಎಲ್ಲ ದಾಖಲು ಮಾಡಬೇಕು. ಯಂತ್ರ ತಂದವರಿಗೆ ಇದಕ್ಕೆಲ್ಲ ತಾಳ್ಮೆ ಇರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಬಳ್ಳಾರಿಗೆ ತನ್ನದೇ ಅನುಭವ ಇದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿ ನಿಲ್ಲಿಸಿತು. ಪರಿಸರ ಸರಿ ಮಾಡುವ ಯೋಜನೆ ಇಲ್ಲದೆ ಗಣಿ ಮತ್ತೆ ತೆರೆಯುವಂತಿಲ್ಲ ಅಂತ ಆಯಿತು, ಅದಕ್ಕಾಗಿ ದುಡ್ಡು ಸಂಗ್ರಹ ಆಯಿತು, 2014ರಲ್ಲಿ ಅದನ್ನು ಖರ್ಚು ಮಾಡಲು ಒಂದು ಸರ್ಕಾರಿ ನಿಗಮವೂ ಹುಟ್ಟಿತು. ಆ ದುಡ್ಡು ಹಳ್ಳಿಗೆ ಇಳಿಯಲು ಮತ್ತೆ ಎಷ್ಟು ವರ್ಷ ಹಿಡಿಯಿತು, ಮತ್ತೆ ಕೋರ್ಟೇ ಹೇಗೆ ನಡುವೆ ಬರಬೇಕಾಯಿತು ಅಂತ ಇಲ್ಲಿಯವರಿಗೆ ಗೊತ್ತು. ಗುಡ್ಡ ಅಗೆಯುವುದಕ್ಕೆ ಒಂದು ಹಿಟಾಚಿ ಸಾಕಾಗಿತ್ತು. ಯುದ್ಧ ಆದ ಊರುಗಳಲ್ಲಿ ಕೋರ್ಟೂ ಇಲ್ಲ, ನಿಗಮವೂ ಇಲ್ಲ.

ಧೂಳಿನ ಬಗ್ಗೆ ಇನ್ನೂ ಒಂದು ಮಾತು ಉಳಿದಿದೆ. ಕ್ರಷರ್ ಇದ್ದಲ್ಲಿ ಧೂಳು ಇದ್ದೇ ಇರುತ್ತದೆ, ಅದನ್ನು ಕೂರಿಸಲು ನೀರು ಸಿಂಪಡಿಸಬೇಕು. ನಮ್ಮ ಗಣಿ ರಸ್ತೆಯಲ್ಲಿ ಟ್ಯಾಂಕರ್ ಓಡುತ್ತದೆ, ಅಧಿಕಾರಿ ಬರುವ ದಿನ ಎರಡು ಸಲ ಓಡುತ್ತದೆ. ಗಾಜಾದಲ್ಲಿ ಕುಡಿಯುವ ನೀರಿಗೇ ಸಾಲು. ಧೂಳಿಗೆ ನೀರು ಎಲ್ಲಿಂದ? ನೀರು ಮತ್ತು ಕರೆಂಟು ಇಲ್ಲದೆ ಅವಶೇಷ ಪುಡಿ ಮಾಡಲು ಹೊರಟರೆ ಟೆಂಟಿನಲ್ಲಿ ಮಲಗಿರುವ ಮಕ್ಕಳ ಎದೆಗೇ ಅದು ಹೋಗುತ್ತದೆ. ಹಾಗಾಗಿ ನನ್ನ ಪ್ರಕಾರ ಮೊದಲು ಬರಬೇಕಾದ್ದು ಕ್ರಷರ್ ಅಲ್ಲ, ಬಾಂಬು ತೆಗೆಯುವವರು, ಮಾಸ್ಕು, ಆಸ್ಬೆಸ್ಟಾಸನ್ನು ಬೇರೆಯಾಗಿ ಹೂಳಲು ಒಂದು ಜಾಗ, ಆಮೇಲೆ ನೀರು.

ಮುಂದೆ ಗಾಜಾ ಪುನರ್ನಿರ್ಮಾಣದ ಸುದ್ದಿ ಬಂದಾಗ ಎಷ್ಟು ನೂರು ಕೋಟಿ ಡಾಲರ್ ಘೋಷಣೆ ಆಯಿತು ಅನ್ನುವುದನ್ನು ಬಿಟ್ಟು ಬೇರೆ ಮೂರು ವಿಷಯ ಹುಡುಕಿ ನೋಡಿ. ಭಾರೀ ಯಂತ್ರ ಮತ್ತು ಸ್ಫೋಟಕ ತಜ್ಞರು ಗೇಟು ದಾಟಿದರಾ. ಅವಶೇಷ ಸಮುದ್ರಕ್ಕೆ ಹೋಗುತ್ತಿದ್ದರೆ ಆ ಹೊಸ ನೆಲದ ಪತ್ರ ಯಾರ ಹೆಸರಿಗೆ ಆಗುತ್ತದೆ. ಗುತ್ತಿಗೆಯಲ್ಲಿ ಕೂಲಿ ಯಾರಿಗೆ, ಅಲ್ಲಿಯವರಿಗಾ ಹೊರಗಿನ ಕಂಪನಿಯವರಿಗಾ. ನಮ್ಮಲ್ಲಿ ಕೆಡವಿದ ಕಟ್ಟಡದ ತ್ಯಾಜ್ಯಕ್ಕೆ ಕೇಂದ್ರದ ಹೊಸ ನಿಯಮ ಜಾರಿಗೆ ಬರುವುದು 2026ರ ಏಪ್ರಿಲ್ 1ರಿಂದ. ಮರುಬಳಕೆಯ ಹೊಣೆ ಬೀಳುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ. ಬ್ರೂಸ್‌ಪೇಟೆಯ ಯಾವ ಮನೆಯೂ ಅಷ್ಟು ದೊಡ್ಡದಿಲ್ಲ.